ತೆಗೆದ ಮೇಲೂ ಮತ್ತೆ ಬೆಳೆಯುವ ದುರ್ಮಾಂಸ

ವಿಜಯಪುರ
9 ಡಿಸೆಂಬರ್ 2024, ಸೋಮವಾರ

ಇಂದು ಮಧ್ಯಾಹ್ನ ಸೂಕ್ಷ್ಮದರ್ಶಕದಲ್ಲಿ ನೋಡಿದ ಅಂಗಾಂಶದ ಸ್ಲೈಡು ತಿಕೋಟಾ ಕಡೆಯ ಒಬ್ಬ ದ್ರಾಕ್ಷಿ ಬೆಳೆಗಾರರದು. ನಾಲ್ಕು ವರ್ಷಗಳ ಹಿಂದೆ ಆಪರೇಷನ್ ಮಾಡಿಸಿಕೊಂಡು ಮೂಗಿನ ದುರ್ಮಾಂಸ ತೆಗೆಸಿದ್ದರು. ಈಗ ಎರಡೂ ಹೊಳ್ಳೆಗಳಲ್ಲಿ ಅದು ಮತ್ತೆ ಬೆಳೆದಿದೆ. ಹಂಚಿನ ಮೇಲೆ ರೊಟ್ಟಿ ಹೊತ್ತಿದರೂ ಅವರಿಗೆ ವಾಸನೆ ತಿಳಿಯುವುದಿಲ್ಲವಂತೆ. ಅಂಗಾಂಶ ಕೆಡದಂತಿಡುವ ಫಾರ್ಮಲಿನ್ ದ್ರವದ ಡಬ್ಬಿ ತಂದುಕೊಟ್ಟ ಮಗ, "ಡಾಕ್ಟರ್ರೀ, ಒಮ್ಮಿ ತಗದದ್ದು ಮತ್ತ ಹ್ಯಾಂಗ ಬಂತ್ರೀ?" ಎಂದು ಕೇಳಿದ್ದ. ಆ ಪ್ರಶ್ನೆ ಮನಸ್ಸಿನಲ್ಲೇ ಉಳಿದಿತ್ತು.

ಡಬ್ಬಿಯಲ್ಲಿದ್ದ ತುಣುಕುಗಳು ಮಾಸಲು ಬಣ್ಣದ, ಜಾರುವ, ಸಿಪ್ಪೆ ಸುಲಿದ ದ್ರಾಕ್ಷಿಯಂಥವು. ನಮ್ಮ ಜಿಲ್ಲೆಯವರಿಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೂಕ್ಷ್ಮದರ್ಶಕದಲ್ಲಿ 400 ಪಟ್ಟು ಹಿಗ್ಗಿಸಿ ನೋಡಿದಾಗ, ನೀರು ತುಂಬಿ ಸಡಿಲಗೊಂಡ ಅಂಗಾಂಶದ ನಡುವೆ ಒಂದು ಬಗೆಯ ಬಿಳಿ ರಕ್ತಕಣಗಳಾದ ಇಯೊಸಿನೊಫಿಲ್‌ಗಳು ಕಿಕ್ಕಿರಿದಿದ್ದವು: ಎರಡು ಹಾಲೆಗಳ ನೀಲಿ ಕೋಶಕೇಂದ್ರ, ಅದರ ಸುತ್ತ ಕೇಸರಿಗೆಂಪಿನ ಹರಳು ಹರಳಾದ ಕಣಗಳು. ಇಯೊಸಿನ್ ಬಣ್ಣವನ್ನು ಹೀರಿಕೊಳ್ಳುವ ಈ ಕೋಶಗಳಿಗೆ ಜರ್ಮನ್ ವಿಜ್ಞಾನಿ ಪಾಲ್ ಎರ್ಲಿಕ್ 1879ರಲ್ಲಿ ಈ ಹೆಸರು ಕೊಟ್ಟರು. ಸೂಕ್ಷ್ಮದರ್ಶಕದಲ್ಲಿ ಒಮ್ಮೆಗೆ ಕಾಣುವ ಒಂದು ಕ್ಷೇತ್ರದಲ್ಲಿ 10 ಅಥವಾ ಅದಕ್ಕಿಂತ ಹೆಚ್ಚು ಕಂಡರೆ ಇಯೊಸಿನೊಫಿಲ್ ಪ್ರಧಾನ ಕಾಯಿಲೆ ಎಂದು 2020ರ ಯುರೋಪಿನ ಮಾರ್ಗಸೂಚಿ ಹೇಳುತ್ತದೆ. ನಾನು ಎಣಿಸಿದ ಕ್ಷೇತ್ರದಲ್ಲಿ ನಲವತ್ತನ್ನು ದಾಟಿದವು.

ಇವನ್ನು ಇಲ್ಲಿಗೆ ಕರೆದವರು ಯಾರು ಎಂಬುದೇ ಮುಖ್ಯ. ಅಲರ್ಜಿ ಇದ್ದರೆ ಮಾತ್ರ ದುರ್ಮಾಂಸ ಬೆಳೆಯುತ್ತದೆಂದು ಜನ ನಂಬುತ್ತಾರೆ, ಆದರೆ ಅಲರ್ಜಿ ಪರೀಕ್ಷೆಯಲ್ಲಿ ಏನೂ ಕಾಣದವರಲ್ಲಿಯೂ ಅದು ಬೆಳೆಯುತ್ತದೆ. ಮೊದಲ ಕರೆ ಹೊರಡುವುದು ಮೂಗಿನ ಒಳಪದರದ ಕೋಶಗಳಿಂದ. ಘಾಸಿಗೊಂಡ ಆ ಪದರ ಟಿಎಸ್‌ಎಲ್‌ಪಿ, ಇಂಟರ್‌ಲ್ಯೂಕಿನ್-33 ಎಂಬ ಸಂದೇಶದ ಪ್ರೋಟೀನುಗಳನ್ನು ಬಿಡುತ್ತದೆ. ಅವುಗಳಿಗೆ ಓಗೊಡುವ ಐಎಲ್‌ಸಿ2 ಎಂಬ ಸಣ್ಣ ಲಿಂಫ್ ಕೋಶಗಳನ್ನು ವಿಜ್ಞಾನಿಗಳು ಸ್ಪಷ್ಟವಾಗಿ ಗುರುತಿಸಿದ್ದು 2010ರ ಸುಮಾರಿಗೆ; ವೈರಿ ಇಂಥವನೇ ಎಂದು ತಿಳಿಯುವವರೆಗೆ ಅವು ಕಾಯುವುದಿಲ್ಲ. ಅವುಗಳ ಜೊತೆಗೆ ರೋಗನಿರೋಧಕ ವ್ಯವಸ್ಥೆಯ ಟಿಎಚ್2 ಎಂಬ ಇನ್ನೊಂದು ಬಗೆಯ ಕೋಶಗಳೂ ಸೇರುತ್ತವೆ. ಇವೆರಡೂ ಸುರಿಸುವ ಇಂಟರ್‌ಲ್ಯೂಕಿನ್-5 ಮೂಳೆಮಜ್ಜೆಯಿಂದ ಇಯೊಸಿನೊಫಿಲ್‌ಗಳನ್ನು ಹೊರಡಿಸುವುದಷ್ಟೇ ಅಲ್ಲ, ಬೇಗ ಸಾಯಬೇಕಾದ ಅವುಗಳ ಆಯುಷ್ಯವನ್ನೂ ಹಿಗ್ಗಿಸುತ್ತದೆ. ಜಂತುಹುಳುವನ್ನು ಕೊಲ್ಲಲೆಂದು ಇಟ್ಟುಕೊಂಡ ವಿಷಪ್ರೋಟೀನುಗಳನ್ನು ಅವು ಮೂಗಿನ ಪದರದ ಮೇಲೆಯೇ ಸುರಿದಾಗ ಪದರ ಮತ್ತೆ ಗಾಯಗೊಂಡು ಮತ್ತೆ ಕೂಗುತ್ತದೆ.

ದುರ್ಮಾಂಸದ ಗಾತ್ರಕ್ಕೆ ಮಾತ್ರ ಬೇರೆ ಕಾರಣವಿದೆ. ಇಂಟರ್‌ಲ್ಯೂಕಿನ್-4 ಮತ್ತು 13 ಹೆಚ್ಚಾದಾಗ ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನ್ ಎಂಬ ಪ್ರೋಟೀನಿನ ಎಳೆಗಳ ಜಾಲವನ್ನು ಕರಗಿಸುವ ವ್ಯವಸ್ಥೆ ಕುಂದುತ್ತದೆ. ಸೋರಿದ ರಕ್ತದ್ರವ ಆ ಜಾಲದಲ್ಲಿ ಸಿಕ್ಕಿಕೊಂಡು ಸ್ಪಂಜಿನಂತೆ ಉಬ್ಬುತ್ತದೆ. ನಾವು ಮಾಂಸವೆಂದು ಕರೆಯುವುದರಲ್ಲಿ ಬಹುಪಾಲು ಹೀಗೆ ನಿಂತ ನೀರೇ.

ಎಲ್ಲರ ದುರ್ಮಾಂಸವೂ ಹೀಗಿರುವುದಿಲ್ಲ. ಚೀನಾದಂಥ ದೇಶಗಳಲ್ಲಿ ನ್ಯೂಟ್ರೊಫಿಲ್ ಎಂಬ ಬೇರೆ ಬಗೆಯ ಬಿಳಿ ರಕ್ತಕಣ ಹೆಚ್ಚಿರುವ ಬಗೆಯೂ ಸಾಕಷ್ಟು ಕಾಣುತ್ತದೆ, ಅದಕ್ಕೆ ಸ್ಟೀರಾಯ್ಡ್ ಅಷ್ಟಾಗಿ ಹಿಡಿಯುವುದಿಲ್ಲ. ಆದ್ದರಿಂದ ಉರಿಯೂತದ ಪಾಲಿಪ್ (ದುರ್ಮಾಂಸ), ಕ್ಯಾನ್ಸರ್ ಇಲ್ಲ ಎಂಬ ಒಂದೇ ಸಾಲಿನ ವರದಿ ನನಗೆ ಸಾಲದೆನಿಸುತ್ತದೆ. ಇವರ ಹಳೆಯ ವರದಿಯಲ್ಲಿ ಇದ್ದದ್ದು ಅಷ್ಟೇ. ಇಂದು ನಾನು ಎಣಿಕೆಯನ್ನು ಸೇರಿಸಿ ಬರೆದೆ. ಇಂಟರ್‌ಲ್ಯೂಕಿನ್-4 ಮತ್ತು 13ರ ದಾರಿಯನ್ನು ಒಟ್ಟಿಗೆ ತಡೆಯುವ ಡುಪಿಲುಮ್ಯಾಬ್ ಚುಚ್ಚುಮದ್ದಿಗೆ ಅಮೆರಿಕದಲ್ಲಿ 2019ರಲ್ಲಿ ಈ ಕಾಯಿಲೆಗೆಂದೇ ಅನುಮತಿ ಸಿಕ್ಕಿದೆ. ಆದರೆ ಅದರ ಬೆಲೆ ರೈತ ಕುಟುಂಬದ ಕೈಗೆ ಎಟುಕುವಂಥದ್ದಲ್ಲ. ಎಟುಕುವುದು ಸ್ಟೀರಾಯ್ಡ್ ಸ್ಪ್ರೇ ಮತ್ತು ಉಪ್ಪುನೀರಿನಿಂದ ಮೂಗು ತೊಳೆಯುವುದು.

ಸಂಜೆ ವರದಿ ಒಯ್ಯಲು ಬಂದ ಮಗನಿಗೆ, ಆಪರೇಷನ್ ಮಾಡಿ ತೆಗೆದದ್ದು ಉಬ್ಬಿದ ಭಾಗವನ್ನು, ಕೂಗುವ ಪದರ ಒಳಗೇ ಉಳಿದಿದೆ ಎಂದು ಹೇಳಿ, ಸ್ಪ್ರೇ ನಡೆದಿದೆಯೇ ಎಂದು ಕೇಳಿದೆ.

"ಆಪರೇಷನ್ ಆಗಿ ಆರು ತಿಂಗಳಿಗೇ ಬಿಟ್ಟಾರ್ರೀ, ಆರಾಮ ಅನಸ್ತಿತ್ತಂತ."

ವರದಿಯನ್ನು ವಾಪಸು ಇಸಿದುಕೊಂಡು, ಕಿವಿ-ಮೂಗು-ಗಂಟಲಿನ ವೈದ್ಯರ ಗಮನಕ್ಕೆಂದು ಅದರ ಕೆಳಗೆ ಆ ಮಾತನ್ನೂ ಬರೆದು ಕೊಟ್ಟೆ.