ಬಣ್ಣದ ಗಾಜು ಹಾಕಿದ್ದ ಕೋಟೆ

ಉತ್ತರ ಇಸ್ರೇಲ್‌ನ ಗಲಿಲಿ ಗುಡ್ಡಗಳಲ್ಲಿ ಮಾಂಟ್‌ಫೋರ್ಟ್ ಅಂತ ಒಂದು ಪಾಳು ಕೋಟೆ ಇದೆ. ಯಾಕೋ ಇವತ್ತು ಅದರ ಫೋಟೋಗಳನ್ನೇ ನೋಡ್ತಾ ಕೂತುಬಿಟ್ಟೆ. ಕಡಿದಾದ ಗುಡ್ಡದ ನೆತ್ತಿ, ಕೆಳಗೆ ಹೊಳೆ, ಸುತ್ತ ಕಾಡು. ಕ್ರುಸೇಡಿಗೆ, ಅಂದ್ರೆ ಜೆರುಸಲೇಮಿನ ಸುತ್ತಲ ನಾಡಿಗಾಗಿ ಕ್ರೈಸ್ತರು ನಡೆಸಿದ ಧರ್ಮಯುದ್ಧಕ್ಕೆ, ಬಂದ ಜರ್ಮನ್ ಯೋಧರ ಟ್ಯೂಟೋನಿಕ್ ಪಂಥ 1220ರಲ್ಲಿ ಈ ಜಾಗ ಕೊಂಡುಕೊಂಡು ಆಮೇಲೆ ಕೋಟೆ ಕಟ್ಟಿಸಿತು. ಮಜಾ ಏನಂದ್ರೆ ಅದು ಯಾವ ದೊಡ್ಡ ದಾರಿಯನ್ನೂ ಕಾಯುತ್ತಿರಲಿಲ್ಲ. ಪಂಥದ ಖಜಾನೆ, ಕಾಗದಪತ್ರ ಇಡೋದಕ್ಕೆ ಮೂಲೆಯಲ್ಲೊಂದು ಭದ್ರವಾದ ಜಾಗ ಬೇಕಿತ್ತು, ಅಷ್ಟೇ. ಒಂಥರಾ ಲಾಕರ್ ಅಲ್ವಾ?

1266ರಲ್ಲಿ ಈಜಿಪ್ಟ್ ಆಳುತ್ತಿದ್ದ ಮಾಮ್ಲೂಕರು ಮುತ್ತಿದಾಗ ಹೇಗೋ ಉಳಿಯಿತು. 1271ರಲ್ಲಿ ಅವರ ಸುಲ್ತಾನ್ ಬೈಬರ್ಸ್ ಖುದ್ದಾಗಿ ಬಂದ. ಒಳಗಿದ್ದವರು ಶರಣಾಗಿ, ಜೀವ ಉಳಿಸಿಕೊಂಡು ಅಕ್ಕೊ ಪಟ್ಟಣಕ್ಕೆ ಹೋದರು, ಸುಲ್ತಾನ ಕೋಟೆಯನ್ನು ಕೆಡವಿಸಿದ. ಮತ್ತೆ ಯಾರೂ ಅದನ್ನು ಕಟ್ಟಲಿಲ್ಲ.

1926ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನವರು ಯೋಧರ ಕವಚ ಸಿಗಬಹುದು ಅಂತ ಇಲ್ಲಿ ಅಗೆದರು. ಅಂದುಕೊಂಡಷ್ಟು ಸಿಗಲಿಲ್ಲ ಪಾಪ. ಕೆತ್ತಿದ ಕಲ್ಲು, ಬಣ್ಣದ ಗಾಜಿನ ಚೂರುಗಳು ಸಿಕ್ಕವು. ನನಗೆ ಕತ್ತಿಗಿಂತ ಆ ಗಾಜೇ ಜಾಸ್ತಿ ಇಷ್ಟ ಆಯ್ತು. ಯುದ್ಧಕ್ಕಂತ ಬಂದವರು ಕಾಡಿನ ಮಧ್ಯೆ ಕೂತು ಕಿಟಕಿಗೆ ಯಾವ ಬಣ್ಣ ಹಾಕೋಣ ಅಂತಲೂ ಯೋಚಿಸಿರಬೇಕಲ್ಲ!