ಏವಿಮೋರ್ ಕಾಡಿನ ಬ್ಯಾಡ್ಜರ್, ಲಂಡನ್ ಹಿತ್ತಲಿನ ನರಿ

ಬ್ರಿಟನ್‌ಗೆ ಹೋದಾಗ ಬ್ಯಾಡ್ಜರ್ ಎಂಬ, ಬಿಲದಲ್ಲಿದ್ದು ರಾತ್ರಿ ತಿರುಗುವ ಪ್ರಾಣಿಯನ್ನು ನೋಡುವ ಆಸೆ ಇದ್ದರೆ ಮೇ ತಿಂಗಳಲ್ಲಿ ಹೋಗಿ. ಫೆಬ್ರವರಿ ಸುಮಾರಿಗೆ ಹುಟ್ಟಿದ ಮರಿಗಳು ಆ ಹೊತ್ತಿಗೆ ಬಿಲದಿಂದ ಹೊರಗೆ ಬಂದು ಆಡುತ್ತಿರುತ್ತವೆ. ತಡಮಾಡಿದರೆ ಸ್ಕಾಟ್ಲೆಂಡಿನಲ್ಲಿ ಮಿಡ್ಜ್ ಎಂಬ ನುಸಿಯ ಕಾಟ ಜಾಸ್ತಿ.

ನಾವು ಹೋಗಿದ್ದು ಸ್ಕಾಟ್ಲೆಂಡಿನ ಏವಿಮೋರ್ ಊರಿನ ಪಕ್ಕದ ರೋಥಿಮರ್ಕಸ್ ಕಾಡಿಗೆ. ಎಡಿನ್‌ಬರೋದಿಂದ ರೈಲಿನಲ್ಲಿ ಸುಮಾರು 3 ಗಂಟೆ. ಲಂಡನ್ನಿನ ಯೂಸ್ಟನ್‌ನಿಂದ ರಾತ್ರಿ ರೈಲೂ ಇದೆ. ಕಾಡಿನೊಳಗೆ ಮರೆಯಲ್ಲಿ ಕೂತು ಪ್ರಾಣಿ ನೋಡಲು ಕಟ್ಟಿದ ಹೈಡ್‌ಗೆ ಗೈಡ್ ಕರೆದುಕೊಂಡು ಹೋಗುತ್ತಾರೆ, ಮೊದಲೇ ಬುಕ್ ಮಾಡಿಕೊಳ್ಳಿ. ನೀವೇ ಬಿಲ ಹುಡುಕಲು ಹೊರಡಬೇಡಿ. ಬ್ಯಾಡ್ಜರ್ ಬಿಲಕ್ಕೆ ತೊಂದರೆ ಕೊಟ್ಟರೆ 1992ರ ಕಾಯ್ದೆಯ ಪ್ರಕಾರ ಅಪರಾಧ.

ದರೋಜಿಯಲ್ಲಿ ಬಂಡೆಗೆ ಬೆಲ್ಲ ಸವರಿ ಕರಡಿಗೆ ಕಾಯುತ್ತಾರಲ್ವಾ, ಇಲ್ಲೂ ಹಾಗೇ. ಇಲ್ಲಿ ಬೆಲ್ಲದ ಬದಲು ಉಪ್ಪಿಲ್ಲದ ಕಡಲೆಬೀಜ. ಬ್ಯಾಡ್ಜರ್‌ಗೆ ಕಣ್ಣು ಮಂದ, ಮೂಗು ಮಾತ್ರ ಬಲು ಚುರುಕು. ಅದಕ್ಕೇ ಸೆಂಟು ಹಾಕಿಕೊಳ್ಳಬೇಡಿ. ಸರಸರ ಸದ್ದು ಮಾಡುವ ಜಾಕೆಟ್ ಬೇಡ, ಬೆಚ್ಚಗಿನ ಉಣ್ಣೆ ಬಟ್ಟೆ ಇರಲಿ. ಮಾತಿಲ್ಲದೆ ಕೂತಿರಬೇಕು. ಚಿಕ್ಕ ಮಕ್ಕಳಿಗೆ ಇದು ನಿಜಕ್ಕೂ ಕಷ್ಟ.

ಬೇಸಿಗೆಯಲ್ಲಿ ಅಲ್ಲಿ ಹತ್ತು ಗಂಟೆಗೂ ಬೆಳಕಿರುತ್ತದೆ. ಹಾಗಾಗಿ ಬಿಳಿ ಮುಖದ ಮೇಲಿನ ಎರಡು ಕಪ್ಪು ಪಟ್ಟೆ ಚೆನ್ನಾಗಿ ಕಾಣಿಸಿತು. ಗಿಡ್ಡ ಕಾಲು, ದಪ್ಪ ಮೈ, ನೆಲ ಮೂಸುತ್ತಾ ಬಂದು ಒಂದೊಂದೇ ಬೀಜ ಹೆಕ್ಕುತ್ತಿತ್ತು. ನನಗಂತೂ ಉಸಿರಾಡಲೂ ಭಯ! ಅದರ ಮುಖ್ಯ ಆಹಾರ ಎರೆಹುಳ. ಮಳೆ ಬರದೆ ನೆಲ ಗಟ್ಟಿಯಾದರೆ ಹುಳ ಆಳಕ್ಕೆ ಇಳಿಯುತ್ತವೆ, ಬ್ಯಾಡ್ಜರ್ ಹಸಿವಿನಿಂದ ಒದ್ದಾಡುತ್ತದೆ. ಅಂಥ ದಿನಗಳಲ್ಲಿ ಒಂದು ಹಿಡಿ ಕಡಲೆಬೀಜ, ಒಂದು ತಟ್ಟೆ ನೀರು ದೊಡ್ಡ ಉಪಕಾರ.

ಇನ್ನು ನರಿ. ಮಕ್ಕಳ ಮನೆಗೆಂದು ಲಂಡನ್‌ಗೆ ಹೋಗುವವರು ಸುಮ್ನೆ ರಾತ್ರಿ ಹಿತ್ತಲ ಕಿಟಕಿಯ ಹತ್ತಿರ ದೀಪ ಆರಿಸಿ ಕೂತರೂ ಸಾಕು, ಎಷ್ಟೋ ಬೀದಿಗಳಲ್ಲಿ ಕಾಣಿಸುತ್ತದೆ. ಅದಕ್ಕೆ ಊಟ ಇಡುವುದು ಅಲ್ಲಿ ತಪ್ಪಲ್ಲ. ಆದರೆ ಉಳಿದ ಸಾಂಬಾರನ್ನ ಹಾಕಬೇಡಿ, ಉಪ್ಪು, ಈರುಳ್ಳಿ ಎರಡೂ ಅದಕ್ಕೆ ಆಗದು. ಸ್ವಲ್ಪ ನಾಯಿ ಆಹಾರ ಸಾಕು. ಜಾಸ್ತಿ ಇಟ್ಟರೆ ಪಕ್ಕದ ಮನೆಯ ಹೂಕುಂಡದಲ್ಲಿ ಹೂತಿಡುತ್ತದೆ. ಎಷ್ಟೇ ಹತ್ತಿರ ಬಂದರೂ ಕೈಯಿಂದ ತಿನ್ನಿಸಬೇಡಿ. ಮನುಷ್ಯರ ಭಯ ಹೋದ ನರಿ ಮನೆಯೊಳಗೇ ನುಗ್ಗುತ್ತದೆ, ಆಮೇಲೆ ಕಷ್ಟ ಅದಕ್ಕೇ. ಊಟ ಇಡುವ ಮೊದಲು ನೆರೆಯವರನ್ನು ಕೇಳಿ. ಅವರು ಕೋಳಿ, ಮೊಲ ಸಾಕಿದ್ದರೆ ಇಡಲೇಬೇಡಿ.