ವಾಪಸ್ ಬೇಕಾಗುವ ಪಾಸ್‌ವರ್ಡು

ಜಿಎಸ್‌ಟಿಆರ್-3ಬಿ, ಅಂದರೆ ತಿಂಗಳ ಜಿಎಸ್‌ಟಿ ರಿಟರ್ನ್, ಹಾಕಲು 20 ಕೊನೆಯ ದಿನ. ಅದು ದಾಟುವವರೆಗೆ ಸರ್ವರ್ ಮುಟ್ಟಬೇಡಿ, 21ಕ್ಕೆ ಬನ್ನಿ ಅಂತ ಉಡುಪಿಯ ಆ ಟ್ಯಾಕ್ಸ್ ಆಫೀಸಿನವರು ಮೊದಲೇ ಹೇಳಿದ್ದರು. ಮಂಗಳೂರಿನಿಂದ ಬೆಳಗ್ಗಿನ ಎಕ್ಸ್‌ಪ್ರೆಸ್ ಬಸ್ಸಿಗೇ ಹೋದೆ. ಅವರು ಪಾಸ್‌ವರ್ಡ್ ಇಟ್ಟುಕೊಂಡ ರೀತಿಯನ್ನು ಭದ್ರ ಮಾಡಿಕೊಡುವುದು ನನ್ನ ಕೆಲಸ.

ಅವರ ವೆಬ್ ಆ್ಯಪ್‌ನಲ್ಲಿ ಎರಡು ಜಾತಿಯ ಪಾಸ್‌ವರ್ಡು. ಸಿಬ್ಬಂದಿ ಲಾಗಿನ್ ಆಗುವಂಥದ್ದು ಬಿಕ್ರಿಪ್ಟ್ ಎಂಬ ವಿಧಾನದಿಂದ ಕಲಸಿಟ್ಟ ಹ್ಯಾಶ್ ಆಗಿ ಕೂತಿತ್ತು, ಅದಕ್ಕೆ ತಕರಾರಿಲ್ಲ. ಇನ್ನೊಂದು ಗ್ರಾಹಕರ ಜಿಎಸ್‌ಟಿ ಪೋರ್ಟಲ್‌ನದ್ದು. ಮಲ್ಪೆಯ ಐಸ್ ಪ್ಲಾಂಟಿನವರಿಂದ ಮಣಿಪಾಲದ ಜೆರಾಕ್ಸ್ ಅಂಗಡಿಯವರ ತನಕ ಎಲ್ಲರದ್ದೂ ಅಲ್ಲಿ ಉಂಟು.

"ಅದನ್ನೂ ಹ್ಯಾಶೇ ಮಾಡಿಬಿಡಿ ಮಾರಾಯ್ರೆ" ಅಂದರು ರಿಟರ್ನ್ ನೋಡಿಕೊಳ್ಳುವ ಅಕ್ಕ.

"ಮಾಡಬಹುದು ಅಕ್ಕ. ಮತ್ತೆ ಪೋರ್ಟಲ್‌ಗೆ ಹಾಕಲಿಕ್ಕೆ ಪಾಸ್‌ವರ್ಡ್ ಎಲ್ಲಿಂದ ತರುವುದು?"

ಹ್ಯಾಶ್ ಆದದ್ದು ವಾಪಸ್ ಬರುವುದಿಲ್ಲ. ಲಾಗಿನ್‌ಗೆ ತಾಳೆ ನೋಡಿದರೆ ಸಾಕು, ಇಲ್ಲಿ ಅಸಲೇ ಬೇಕು. ಹಾಗಾಗಿ ಎನ್‌ಕ್ರಿಪ್ಟ್ ಮಾಡದೆ, ಅಂದರೆ ಕೀ ಇದ್ದವರು ಮಾತ್ರ ಬಿಡಿಸಬಲ್ಲ ಹಾಗೆ ಗೂಢವಾಗಿಸದೆ, ಗತಿಯಿಲ್ಲ.

ಟೇಬಲ್ ತೆರೆದರೆ ಒಂದೇ ಅಕ್ಷರಗುಚ್ಛ ಅಲ್ಲಲ್ಲಿ ಮತ್ತೆ ಮತ್ತೆ ಕಂಡಿತು. "ಇವರೆಲ್ಲರ ಪಾಸ್‌ವರ್ಡ್ ಒಂದೇ" ಅಂದೆ. ಬಿಡಿಸದೆಯೇ ಹೇಗೆ ಗೊತ್ತಾಯಿತು ಅಂತ ಅಕ್ಕನಿಗೆ ಗಾಬರಿ. "ಅದು ರಿಜಿಸ್ಟ್ರೇಷನ್ ಮಾಡಿಕೊಡುವಾಗ ನಾವೇ ಇಟ್ಟದ್ದು..." ಹಳೇ ಸಾಫ್ಟ್‌ವೇರ್‌ನವರು ಎಇಎಸ್ ಎಂಬ ಎನ್‌ಕ್ರಿಪ್ಷನ್ ವಿಧಾನ ಹಾಕಿದ್ದೇನೋ ಹೌದು, ಆದರೆ ಇಸಿಬಿ ಮೋಡ್‌ನಲ್ಲಿ. ಅದರಲ್ಲಿ ಒಂದೇ ಪಾಸ್‌ವರ್ಡಿಗೆ ಯಾವಾಗಲೂ ಒಂದೇ ರೂಪ. 2013ರಲ್ಲಿ ಅಡೋಬಿಯಿಂದ ಸೋರಿದ ಕೋಟಿಗಟ್ಟಲೆ ಪಾಸ್‌ವರ್ಡುಗಳ ಕಥೆಯೂ ಇದೇ. ಅಲ್ಲಿ ಟ್ರಿಪಲ್ ಡೆಸ್ ಎಂಬ ಹಳೇ ವಿಧಾನ, ಅದೇ ಇಸಿಬಿ, ಜೊತೆಗೆ ಬಳಕೆದಾರರೇ ಬರೆದಿಟ್ಟ ಸುಳಿವುಗಳು ಬೇರೆ. ಕೀ ಸಿಗದೆಯೂ ಜನ ಎಷ್ಟೋ ಪಾಸ್‌ವರ್ಡುಗಳನ್ನು ಊಹಿಸಿಯೇ ಹಿಡಿದರು.

ಇಲ್ಲಿ ಊಹಿಸುವ ಕಷ್ಟವೂ ಬೇಡ. ಕೀ ಇದ್ದದ್ದು ಕೋಡಿನ ಜೊತೆಗಿನ ಕಾನ್ಫಿಗ್ ಫೈಲಿನಲ್ಲಿ. ಬ್ಯಾಕಪ್ ಅಂದರೆ ಆ ಫೋಲ್ಡರೂ ಡೇಟಾಬೇಸೂ ಸೇರಿದ ಒಂದು ಜಿಪ್, ಅದು ಪೆನ್‌ಡ್ರೈವಿನಲ್ಲಿ ಯಜಮಾನರ ಮನೆಗೆ. ಬೀಗ ಜಡಿದು ಕೀಲಿಕೈಯನ್ನು ಬೀಗಕ್ಕೇ ಕಟ್ಟಿಟ್ಟ ಹಾಗೆ.

ಎಇಎಸ್-256 ಜಿಸಿಎಂಗೆ, ಅಂದರೆ ಗೂಢವಾಗಿಸುವುದರ ಜೊತೆಗೆ ಯಾರಾದರೂ ತಿದ್ದಿದರೂ ಹಿಡಿಯುವ ಮೋಡಿಗೆ, ಬದಲಿಸಿದೆವು. ಪ್ರತಿ ಸಲ ಎನ್‌ಕ್ರಿಪ್ಟ್ ಮಾಡುವಾಗಲೂ 12 ಬೈಟಿನ ಹೊಸ ನಾನ್ಸ್ (ಒಂದೇ ಸಲ ಬಳಸುವ ಸಂಖ್ಯೆ) ಬೇಕು. ಒಂದೇ ಕೀಗೆ ನಾನ್ಸ್ ಎರಡನೇ ಸಲ ಬಂತೋ, ಜಿಸಿಎಂನ ಭದ್ರತೆಯೇ ಕುಸಿಯುತ್ತದೆ. ಗ್ರಾಹಕರ ಜಿಎಸ್‌ಟಿ ನಂಬರನ್ನೂ ಎಎಡಿಯಾಗಿ, ಅಂದರೆ ಗೂಢವಾಗದೆಯೂ ತಾಳೆಗೆ ಸೇರುವ ಮಾಹಿತಿಯಾಗಿ, ಸೇರಿಸಿದೆ. ಅದರ ಉಪಯೋಗ ತೋರಿಸಲೆಂದು ಇಬ್ಬರು ಗ್ರಾಹಕರ ಸಾಲುಗಳ ಸೈಫರ್‌ಟೆಕ್ಸ್ಟ್ (ಗೂಢ ರೂಪ), ನಾನ್ಸ್ ಮತ್ತು ತಾಳೆ ನೋಡುವ ಟ್ಯಾಗ್ ಮೂರನ್ನೂ ಒಟ್ಟಿಗೆ ಅದಲು ಬದಲು ಮಾಡಿದೆ. ಕೀ ಸರಿ, ನಾನ್ಸ್ ಸರಿ, ಆದರೂ ಟ್ಯಾಗ್ ತಾಳೆಯಾಗದೆ ಡಿಕ್ರಿಪ್ಷನ್ ಕೆಂಪು ಎರರ್ ಕೊಟ್ಟು ನಿಂತಿತು. ಅಕ್ಕ ಇನ್ನೊಮ್ಮೆ ಮಾಡಿ ಅಂತ ಹೇಳಿ ನೋಡಿದರು.

ಸರ್ವರ್ ಅಮೆಜಾನ್‌ನದ್ದೇ ಆದ್ದರಿಂದ ಮಾಸ್ಟರ್ ಕೀಗೆ ಅವರದೇ ಕೀ ಕಾಯುವ ಸೇವೆ ಕೆಎಂಎಸ್. ಆ ಕೀ ಅಲ್ಲಿಂದ ಹೊರಗೆ ಬರುವುದಿಲ್ಲ. ಪಾಸ್‌ವರ್ಡುಗಳನ್ನು ಬಿಡಿಸುವ ನಮ್ಮ ಡೇಟಾ ಕೀ ಅದರಿಂದ ಎನ್‌ಕ್ರಿಪ್ಟ್ ಆಗಿ ಡೇಟಾಬೇಸಿನಲ್ಲೇ ಇರುತ್ತದೆ, ಬಿಡಿಸುವ ಅನುಮತಿ ಆ್ಯಪ್‌ಗೆ ಮಾತ್ರ, ಬಿಡಿಸಿದ್ದಕ್ಕೆಲ್ಲ ಲಾಗ್ ಉಂಟು. ಪೆನ್‌ಡ್ರೈವ್ ಕಳೆದರೆ ಇನ್ನು ಭಯವಿಲ್ಲ. ಸರ್ವರೊಳಗೇ ಕಳ್ಳ ನುಗ್ಗಿದರೆ ಮಾತ್ರ ಆ್ಯಪ್ ಬಿಡಿಸುವುದನ್ನು ಅವನೂ ಬಿಡಿಸಿಯಾನು. ಅದಕ್ಕೇ ಪಾಸ್‌ವರ್ಡ್ ಇಟ್ಟುಕೊಳ್ಳುವ ವ್ಯವಹಾರವೇ ಬೇಡ, ಗ್ರಾಹಕರು ಒಟಿಪಿ ಕೊಟ್ಟು ಸೀಮಿತ ಅವಧಿಗೆ ಅನುಮತಿಸುವ ಎಪಿಐ (ಸಾಫ್ಟ್‌ವೇರೇ ನೇರವಾಗಿ ಪೋರ್ಟಲ್ ಜೊತೆ ವ್ಯವಹರಿಸುವ) ದಾರಿ ಹಿಡಿಯಿರಿ ಅಂತ ಯಜಮಾನರಿಗೆ ಹೇಳಿದೆ. ಖರ್ಚಿನ ಲೆಕ್ಕ ಕೇಳಿದರು. ದೊಡ್ಡ ಗ್ರಾಹಕರಿಂದ ಶುರು ಮಾಡುವ ಅಂತಾಯಿತು.

ಹಳೇ ಬ್ಯಾಕಪ್‌ಗಳಲ್ಲಿ ಹೋದದ್ದಂತೂ ಹೋಯಿತು. ಎಲ್ಲರ ಪಾಸ್‌ವರ್ಡೂ ಬದಲಾಗಲೇಬೇಕು. ಊಟ ಮುಗಿಸಿ ಬಂದ ಅಕ್ಕ ಪಟ್ಟಿ ಹಿಡಿದು ಫೋನಿಗೆ ಕೂತರು. ಒಬ್ಬರು ಆ ಕಡೆಯಿಂದ ಜೋರಾಗಿ ಕೇಳಿದ್ದು ನನಗೂ ಕೇಳಿಸಿತು: "ನನ್ನ ಪಾಸ್‌ವರ್ಡ್ ನಿಮ್ಮ ಹತ್ರ ಎಂತಕ್ಕೆ ಉಂಟು?"